ಮಳೆಯಲ್ಲಿ ಕಾರ್ಟಿಂಗ್: ಒಣ ಟ್ರ್ಯಾಕಿನಲ್ಲಿ ಚೆನ್ನಾಗಿ ಹೋಗುವ ತಿರುವಿನಲ್ಲೇ ಯಾಕೆ ಜಾರುತ್ತೇನೆ?

ಹಿಂಜವಡಿ_ಹೈದ
ಎಲ್ಲರಿಗೂ ನಮಸ್ಕಾರ. ಪುಣೆಗೆ ಬಂದು ಆರು ವರ್ಷ ಆಯ್ತು. ತಿಂಗಳಿಗೆ ಎರಡು ಸಲವಾದರೂ ಕಾರ್ಟಿಂಗ್‌ಗೆ, ಅಂದರೆ ಟ್ರ್ಯಾಕಿನಲ್ಲಿ ಪುಟ್ಟ ರೇಸ್ ಗಾಡಿ ಓಡಿಸಲು, ಹೋಗುತ್ತೇನೆ. ಒಣ ಟ್ರ್ಯಾಕಿನಲ್ಲಿ ನಮ್ಮ ಆಫೀಸ್ ಗುಂಪಿನ ಬೆಸ್ಟ್ ಲ್ಯಾಪ್ ನನ್ನದೇ.

ಹೋದ ಭಾನುವಾರ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಟ್ರ್ಯಾಕಿನವರು ಓಡಿಸಬಹುದು ಎಂದರು, ಇಳಿದೆವು. ಹತ್ತು ನಿಮಿಷದಲ್ಲಿ ನಾಲ್ಕು ಸಲ ಗಿರ್ರನೆ ತಿರುಗಿ ನಿಂತೆ. ನಾಲ್ಕೂ ಸಲ ಒಂದೇ ಜಾಗ, ಉದ್ದನೆಯ ನೇರ ದಾರಿ ಮುಗಿದ ಮೇಲೆ ಬರುವ ಬಲ ತಿರುವು. ಒಣಗಿದ್ದಾಗ ನಾನು ಎಲ್ಲರನ್ನೂ ಹಿಂದೆ ಹಾಕುವುದು ಅಲ್ಲೇ. ಬ್ರೇಕ್ ಬೇಗ ಹಿಡಿದೆ, ನಿಧಾನವಾಗಿಯೇ ಹೋದೆ. ಆದರೂ ಸ್ಟೀರಿಂಗ್ ತಿರುಗಿಸಿದರೆ ಗಾಡಿ ತಿರುಗಲೇ ಇಲ್ಲ, ನೇರಕ್ಕೆ ಜಾರಿತು. ಇನ್ನಷ್ಟು ತಿರುಗಿಸಿದೆ. ಆಗ ಒಂದೇ ಏಟಿಗೆ ಹಿಂಬದಿ ಹೊರಗೆ ಹೋಯಿತು.

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ, ಎರಡನೇ ಸಲ ಕಾರ್ಟ್ ಹಿಡಿದವಳು, ನನಗಿಂತ ಮೂರು ಸೆಕೆಂಡ್ ಬೇಗ ಸುತ್ತು ಹಾಕಿದಳು. ಯಾರೂ ಹೋಗದ ಹೊರ ಅಂಚಿನಲ್ಲಿ ಹೋಗುತ್ತಿದ್ದಳು. ಯಾಕೆ ಹೀಗೆ? ಇನ್ನೊಂದು ಪ್ರಶ್ನೆಯೂ ಇದೆ. ಫಾರ್ಮುಲಾ ಒನ್‌ನವರಿಗೆ ಮಳೆಗೆಂದೇ ಟಯರ್ ಇದೆ. ಆದರೂ ಜೋರು ಮಳೆ ಬಂದರೆ ರೇಸ್ ಯಾಕೆ ನಿಲ್ಲಿಸುತ್ತಾರೆ?

ಕೆಂಪು_ಬಾವುಟ
ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಪೋಸ್ಟಿನಲ್ಲೇ ಇದೆ. ಆ ಹುಡುಗಿ ಹೋದ ದಾರಿಯೇ ಸರಿ.

ಒಣಗಿದ್ದಾಗ ಎಲ್ಲರೂ ಒಂದೇ ಗೆರೆ ಹಿಡಿಯುತ್ತಾರೆ. ಅಲ್ಲಿ ಟಯರ್ ಸವೆದು ರಬ್ಬರ್ ಡಾಂಬರಿನ ಸಂದುಗಳಲ್ಲಿ ಕೂರುತ್ತದೆ. ಬಿಸಿಲಲ್ಲಿ ಅದು ಟಯರನ್ನು ಅಂಟಿನ ಹಾಗೆ ಹಿಡಿಯುತ್ತದೆ. ನೀರು ಬಿತ್ತೋ, ಅದೇ ರಬ್ಬರು, ಅದೇ ಎಣ್ಣೆ, ಸೋಪು ಹಾಕಿದ ಕಡಪ ಕಲ್ಲಿನಂತೆ ಆಗುತ್ತದೆ. ಪಕ್ಕದಲ್ಲಿ ಯಾರೂ ತುಳಿಯದ ಡಾಂಬರು ಇನ್ನೂ ತರಿತರಿ ಇರುತ್ತದೆ. ದೂರ ಜಾಸ್ತಿ ಆದರೂ ಅಲ್ಲಿ ಹೋಗಬೇಕು.

2016ರ ಬ್ರೆಜಿಲ್ ಫಾರ್ಮುಲಾ ಒನ್ ರೇಸ್ ನೋಡಿ, ಅದೂ ಮಳೆಯಲ್ಲೇ. ವೆರ್ಸ್ಟಾಪನ್ ಕೊನೆಯ ಹದಿನೈದು ಚಿಲ್ಲರೆ ಸುತ್ತುಗಳಲ್ಲಿ 16ನೇ ಸ್ಥಾನದಿಂದ 3ಕ್ಕೆ ಬಂದ. ಬೇರೆಯವರು ಬಿಟ್ಟ ಜಾಗದಲ್ಲೇ ಕಾರು ಇಟ್ಟ.

ಮಾಟುಂಗಾ_ಮಾಣಿ
ಮಾರಾಯ್ರೆ, ಇದು ನಮ್ಮ ಊರಿನ ಅಂಗಳದ ಕಥೆಯೇ ಅಲ್ವಾ? ಆಷಾಢದಲ್ಲಿ ಅಂಗಳಕ್ಕೆ ಹಾವಸೆ ಹಿಡಿಯುತ್ತದೆ. ದಿನಾ ನಡೆದು ನುಣುಪಾದ ದಾರಿಯಲ್ಲೇ ಜನ ಬೀಳುವುದು. ಅಜ್ಜಿ ಅಂಚಿನ ಜಲ್ಲಿ ಮೇಲೆ ಕಾಲಿಟ್ಟು ಹೋಗುತ್ತಿದ್ದರು. ಅದಕ್ಕೇ ಅಡಿಕೆ ದಬ್ಬೆ ಹಾಸುವುದು.

ಘಾಟಿ_ಡ್ರೈವರ್
ನಾನು ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾದಾಗಿನಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ನನ್ನ ಅನುಭವದಲ್ಲಿ ಜುಲೈ ಮಳೆಗಿಂತ ಜೂನಿನ ಮೊದಲ ಮಳೆ ಕೆಟ್ಟದ್ದು. ಎಂಟು ತಿಂಗಳ ಡೀಸೆಲ್, ಆಯಿಲ್, ಟಯರ್ ಪುಡಿ ಎಲ್ಲಾ ರಸ್ತೆಯಲ್ಲಿ ಕೂತಿರುತ್ತದೆ. ಮೊದಲ ಹನಿ ಬಿದ್ದಾಗ ಅದು ಮೇಲೆ ಏಳುತ್ತದೆ. ಖಂಡಾಲಾ ಘಾಟಿ ಇಳಿಯುವಾಗ ಆ ಅರ್ಧ ಗಂಟೆ ನಾನು ಲಾರಿಗಳ ಹತ್ತಿರ ಹೋಗುವುದಿಲ್ಲ. ಎರಡು ದಿನ ಚೆನ್ನಾಗಿ ಸುರಿದರೆ ರಸ್ತೆ ತೊಳೆದು ಹೋಗಿ ಹಿಡಿತ ಬರುತ್ತದೆ. ಟ್ರ್ಯಾಕಿನಲ್ಲೂ ಹೀಗೇ ಇರಬೇಕು.

ಥಾಣೆ_ಗೌಡ
ಅಣ್ಣ, ನಿಮ್ಮ ಮಾತು ಸರಿ. ಆದರೆ ರಸ್ತೆ ಬೇರೆ, ಟ್ರ್ಯಾಕ್ ಬೇರೆ. ಟ್ರ್ಯಾಕಿನಲ್ಲಿ ಎದುರಿಂದ ಯಾರೂ ಬರುವುದಿಲ್ಲ. ಇಲ್ಲಿ ಓದಿದ್ದನ್ನು ಯಾರೂ ಘಾಟಿಯಲ್ಲಿ ಮಾಡಿ ನೋಡಬೇಡಿ. ದಯವಿಟ್ಟು.

ಘಾಟಿ_ಡ್ರೈವರ್
ನಾನು ಹೇಳಿದ್ದು ನಿಧಾನ ಹೋಗಲಿಕ್ಕೆ ತಮ್ಮ, ರೇಸ್ ಮಾಡಲಿಕ್ಕೆ ಅಲ್ಲ.

ಪಿಟ್‌ಲೇನ್_ಅಕ್ಕ
ಮಗಳು ನಾಲ್ಕು ವರ್ಷದಿಂದ ಕಾರ್ಟಿಂಗ್ ಮಾಡುತ್ತಾಳೆ, ಸ್ಪ್ಯಾನರ್ ಹಿಡಿಯುವುದು ನಾನೇ. ಹೊರಗಿನ ಗೆರೆ ಅನ್ನುವುದು ಅರ್ಧ ಉತ್ತರ. ಹಿಂಜವಡಿಯವರ ಗಾಡಿ ಮೊದಲು ನೇರ ಜಾರಿ, ಆಮೇಲೆ ತಿರುಗಿತು ಎಂದಿದ್ದಾರೆ. ಅದು ಕಾರ್ಟಿನ ಗುಣ.

ಕಾರ್ಟಿನ ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ಕಾರಿನಲ್ಲಿ ಇರುವ ಹಾಗೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ಆದರೆ ತಿರುವಿನಲ್ಲಿ ಒಳಗಿನ ಚಕ್ರಕ್ಕೆ ದೂರ ಕಡಿಮೆ, ಹೊರಗಿನದಕ್ಕೆ ಜಾಸ್ತಿ. ಹಾಗಾಗಿ ಗಾಡಿ ತಿರುಗಬೇಕಾದರೆ ಒಳಗಿನ ಹಿಂಚಕ್ರ ನೆಲದಿಂದ ಒಂದು ಚೂರು ಏಳಬೇಕು. ಒಣಗಿದ್ದಾಗ ಹಿಡಿತ ಇರುತ್ತದೆ, ಭಾರ ಹೊರಗಡೆಗೆ ವಾಲಿ ಚಕ್ರ ತಾನೇ ಏಳುತ್ತದೆ. ಒದ್ದೆಯಲ್ಲಿ ಅಷ್ಟು ಭಾರ ವಾಲುವುದೇ ಇಲ್ಲ. ನಾಲ್ಕೂ ಚಕ್ರ ನೆಲದ ಮೇಲೇ ಇರುತ್ತವೆ, ಹಿಂದಿನ ಎರಡು ಚಕ್ರ ಗಾಡಿಯನ್ನು ನೇರಕ್ಕೇ ತಳ್ಳುತ್ತವೆ.

ಅದಕ್ಕೇ ಮಳೆ ಬಂದರೆ ನಾವು ಮುಂಚಕ್ರಗಳನ್ನು ಅಗಲ ಮಾಡುತ್ತೇವೆ, ಹಿಂಚಕ್ರಗಳನ್ನು ಒಳಗೆ ತರುತ್ತೇವೆ. ಆಗ ಸ್ಟೀರಿಂಗ್ ತಿರುಗಿಸಿದರೆ ಒಳ ಚಕ್ರ ಏಳುವುದು ಸುಲಭ. ಬಾಡಿಗೆ ಕಾರ್ಟಿನಲ್ಲಿ ಇದೆಲ್ಲ ನಮ್ಮ ಕೈಯಲ್ಲಿಲ್ಲ, ಅದರ ಟಯರೂ ಗಟ್ಟಿ, ನುಣುಪು. ಅಲ್ಲಿ ಇಷ್ಟು ಮಾಡಿ. ಬ್ರೇಕ್ ಪೂರ್ತಿ ಮುಗಿಯುವವರೆಗೆ ಸ್ಟೀರಿಂಗ್ ನೇರ ಇರಲಿ. ಕಾರ್ಟಿನ ಬ್ರೇಕ್ ಹಿಂಚಕ್ರಕ್ಕೆ ಮಾತ್ರ, ತಿರುಗಿಸುತ್ತಾ ಒತ್ತಿದರೆ ಹಿಂಬದಿ ಹೋಗೇ ಹೋಗುತ್ತದೆ. ಆಮೇಲೆ ಒಂದೇ ಸಲ ಚುರುಕಾಗಿ ತಿರುಗಿಸಿ. ಮೂಗು ತಿರುಗಿದ ಕೂಡಲೇ ಸ್ಟೀರಿಂಗ್ ವಾಪಸ್ ನೇರಕ್ಕೆ ತನ್ನಿ. ಆಕ್ಸಿಲರೇಟರ್ ಮೆಲ್ಲಗೆ, ಬಿಸಿ ಹಾಲಿನ ಪಾತ್ರೆ ಎತ್ತುವ ಹಾಗೆ.

ಹಿಂಜವಡಿ_ಹೈದ
ಅಕ್ಕ, ಯೂಟ್ಯೂಬಿನಲ್ಲಿ ಎಲ್ಲರೂ ಮಳೆಯಲ್ಲಿ ಸ್ಟೀರಿಂಗ್ ಮೆಲ್ಲಗೆ ತಿರುಗಿಸಿ ಎನ್ನುತ್ತಾರಲ್ಲ?

ಪಿಟ್‌ಲೇನ್_ಅಕ್ಕ
ಕಾರಿಗೆ ಅದು ಸರಿ. ಕಾರ್ಟಿಗೆ ಮೆಲ್ಲಗೆ ತಿರುಗಿಸಿದರೆ ಚಕ್ರ ಏಳುವುದೇ ಇಲ್ಲ. ನಿಮಗೆ ಆಗಿದ್ದೂ ಅದೇ. ನೇರ ಜಾರುವಾಗ ಇನ್ನಷ್ಟು ತಿರುಗಿಸಿದಿರಿ, ಅಷ್ಟರಲ್ಲಿ ವೇಗ ಇಳಿದು ಮುಂಚಕ್ರಕ್ಕೆ ಹಿಡಿತ ಸಿಕ್ಕಿತು, ಸ್ಟೀರಿಂಗ್ ಆಗಲೇ ಪೂರ್ತಿ ತಿರುಗಿತ್ತು.

ವಾಸ್ಕೊ_ಪೈಲಟ್
ನಾನು ಗೋವಾದಾಗ ಪೈಲಟ್ ರೀ, ಅಂದ್ರ ಮೋಟರ್‌ಸೈಕಲ್ ಟ್ಯಾಕ್ಸಿ. ಊರು ಗದಗ ಕಡೆ. ರೇಸ್ ಗೊತ್ತಿಲ್ಲ, ಮಳೆ ಗೊತ್ತು. ನಮಗೆ ದೊಡ್ಡ ವೈರಿ ರಸ್ತೆ ಮೇಲಿನ ಬಿಳಿ ಪಟ್ಟಿ. ಜೀಬ್ರಾ ಪಟ್ಟಿ ಮೇಲೆ ಮಳೆಯಲ್ಲಿ ಮುಂದಿನ ಬ್ರೇಕ್ ಹಿಡಿದರೆ ಮುಗೀತು. ಎರಡನೇದು ಕೆಂಪು ಮಣ್ಣು. ನೀರಿನ ಜೊತೆ ಹರಿದು ಬಂದು ತಿರುವಿನಲ್ಲಿ ತೆಳ್ಳಗೆ ಹರಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ರೇಸ್ ಟ್ರ್ಯಾಕಿನ ಅಂಚಿನಲ್ಲೂ ಕೆಂಪು ಬಿಳಿ ಬಣ್ಣ ಬಳಿದಿರ್ತಾರಲ್ರೀ, ಅದು ಜಾರೂದಿಲ್ಲೇನು?

ಕೆಂಪು_ಬಾವುಟ
ಖಂಡಿತ ಜಾರುತ್ತದೆ. ಅದನ್ನು ಕರ್ಬ್ ಎನ್ನುತ್ತಾರೆ. ಒಣಗಿದ್ದಾಗ ಅದರ ಮೇಲೆ ಹತ್ತಿಸಿ ದಾರಿ ಕಡಿಮೆ ಮಾಡುತ್ತಾರೆ, ಮಳೆಯಲ್ಲಿ ಆದಷ್ಟು ದೂರ ಇರುತ್ತಾರೆ. ನೀವು ಹೇಳಿದ್ದು ಸರಿಯಾಗಿದೆ.

ಮಾಟುಂಗಾ_ಮಾಣಿ
ಈಗ ಎರಡನೇ ಪ್ರಶ್ನೆ. ನನ್ನ ಪ್ರಕಾರ ಈಗಿನವರು ಜಾಸ್ತಿ ಹೆದರುತ್ತಾರೆ. ಸೆನ್ನಾ 1993ರಲ್ಲಿ ಡಾನಿಂಗ್ಟನ್‌ನಲ್ಲಿ ಮೊದಲ ಸುತ್ತಿನಲ್ಲೇ ಐದನೇ ಸ್ಥಾನದಿಂದ ಮೊದಲಿಗೆ ಬಂದದ್ದು ಮಳೆಯಲ್ಲಿ. 1984ರಲ್ಲಿ ಮೊನಾಕೊದಲ್ಲಿ ಟೋಲ್‌ಮನ್ ಅನ್ನುವ ಸಣ್ಣ ಟೀಮಿನ ಕಾರಿನಲ್ಲಿ ಎರಡನೇ ಸ್ಥಾನ. ಈಗ ನೋಡಿ, 2021ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜನ ಗಂಟೆಗಟ್ಟಲೆ ನೆನೆದರು. ಎಲ್ಲರನ್ನೂ ನಿಧಾನಕ್ಕೆ ಕರೆದೊಯ್ಯುವ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಮಾಡಿ ಅರ್ಧ ಪಾಯಿಂಟ್ ಹಂಚಿದರು. ಅದು ರೇಸಾ?

ಥಾಣೆ_ಗೌಡ
1984ರ ಮೊನಾಕೊ ರೇಸನ್ನೂ ಮಳೆಗೇ ಅರ್ಧಕ್ಕೆ ನಿಲ್ಲಿಸಿದ್ದು, ಅಲ್ಲೂ ಅರ್ಧ ಪಾಯಿಂಟೇ ಕೊಟ್ಟಿದ್ದು. ಪ್ರಾಸ್ಟ್ ಗೆದ್ದ. 1976ರಲ್ಲಿ ಜಪಾನಿನ ಫುಜಿಯಲ್ಲಿ ನಿಕಿ ಲೌಡಾ ಚಾಂಪಿಯನ್‌ಶಿಪ್ ಕೈಯಲ್ಲಿದ್ದರೂ ಮಳೆ ಅಪಾಯ ಎಂದು ಕಾರು ನಿಲ್ಲಿಸಿ ಇಳಿದರು. ಒಂದೇ ಪಾಯಿಂಟಿನಿಂದ ಹಂಟ್‌ಗೆ ಪಟ್ಟ ಹೋಯಿತು. ಆ ವರ್ಷವೇ ಬೆಂಕಿಯಲ್ಲಿ ಸುಟ್ಟು ಆರು ವಾರದಲ್ಲಿ ವಾಪಸ್ ಬಂದು ಕಾರು ಹತ್ತಿದ ಮನುಷ್ಯ. ಅವರನ್ನು ಹೆದರುಪುಕ್ಕಲ ಎನ್ನಲಿಕ್ಕೆ ಆಗುತ್ತಾ?

ಮಾಟುಂಗಾ_ಮಾಣಿ
ಇಲ್ಲ, ಲೌಡಾ ವಿಷಯದಲ್ಲಿ ಒಪ್ಪಿದೆ. ಸ್ಪಾ ವಿಷಯದಲ್ಲಿ ಒಪ್ಪುವುದಿಲ್ಲ. ಅಷ್ಟು ಒಳ್ಳೆಯ ಮಳೆ ಟಯರ್ ಇಟ್ಟುಕೊಂಡು ಓಡಿಸದೆ ಇರುವುದು ಯಾಕೆ?

ಕೆಂಪು_ಬಾವುಟ
ಟಯರ್ ಒಳ್ಳೆಯದು ಎಂಬುದೇ ಇಲ್ಲಿ ತೊಂದರೆ. ಲೆಕ್ಕ ಹಾಕೋಣ. ಪಿರೆಲ್ಲಿ ಕಂಪನಿಯ ಫುಲ್ ವೆಟ್ ಟಯರ್, ಜೋರು ಮಳೆಗೆ ಹಾಕುವ ನೀಲಿ ಗುರುತಿನದು, 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಎತ್ತಿ ಎಸೆಯುತ್ತದೆ. ಕಡಿಮೆ ಒದ್ದೆಗೆ ಹಾಕುವ ಹಸಿರು ಗುರುತಿನ ಇಂಟರ್ ಟಯರ್ 30 ಲೀಟರ್. ನಾಲ್ಕು ಫುಲ್ ವೆಟ್ ಸೇರಿ 340 ಲೀಟರ್. ನಾನು ಬೆಳೆದ ಚಾಳಿನಲ್ಲಿ ಪ್ರತಿ ಮನೆ ಮುಂದೆ 200 ಲೀಟರಿನ ನೀಲಿ ಡ್ರಮ್ ಇರುತ್ತಿತ್ತು. ಅಂಥ ಒಂದೂಮುಕ್ಕಾಲು ಡ್ರಮ್ ನೀರನ್ನು ಪ್ರತಿ ಸೆಕೆಂಡೂ ಹಿಂದಿನವನ ಮುಖಕ್ಕೆ ಎರಚಿದ ಹಾಗೆ. ಅದೂ ಹನಿಯಾಗಿ ಅಲ್ಲ, ಮಂಜಿನ ಹಾಗೆ ಪುಡಿಪುಡಿಯಾಗಿ. ಟಯರ್ ನೀರು ಎಷ್ಟು ಚೆನ್ನಾಗಿ ಎತ್ತುತ್ತದೋ ಹಿಂದಿನವನಿಗೆ ಅಷ್ಟೇ ಕುರುಡು.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಕೆಲವು ವರ್ಷ ಮಾರ್ಷಲ್, ಅಂದರೆ ಚಾಲಕರಿಗೆ ಬಾವುಟ ತೋರಿಸುವವನಾಗಿ ನಿಂತಿದ್ದೇನೆ. ಒಂದು ಸಂಜೆ ಜೋರು ಮಳೆ. ಕೈಯಲ್ಲಿ ಹಳದಿ ಮೇಲೆ ಕೆಂಪು ಪಟ್ಟೆಯ ಬಾವುಟ, ಮುಂದೆ ಜಾರುತ್ತದೆ ಎಂದು ತೋರಿಸುವುದು. ನೀರು ಕುಡಿದು ಬಾವುಟ ಎರಡು ಪಟ್ಟು ಭಾರ ಆಗಿತ್ತು, ಬೀಸಿದರೆ ಕೋಲಿಗೆ ಸುತ್ತಿಕೊಳ್ಳುತ್ತಿತ್ತು. ಮೊದಲ ಕಾರು ಕಂಡಿತು. ಅದರ ಹಿಂದೆ ಬಿಳಿ ಗೋಡೆ. ಆ ಗೋಡೆಯ ಒಳಗೆ ಎಂಜಿನ್ ಸದ್ದು ಕೇಳುತ್ತಿದೆ, ಎಷ್ಟು ಕಾರು, ಯಾವ ಕಡೆ, ಗೊತ್ತಾಗುತ್ತಿಲ್ಲ. ಹಿಂದಿನ ಕೆಂಪು ದೀಪ ಮಿಣುಕುವುದು ಕಂಡಾಗ ಆ ಕಾರು ಆಗಲೇ ನನ್ನ ಮುಂದೆ ದಾಟಿರುತ್ತಿತ್ತು. ನಿಂತಿರುವ ನನಗೇ ಹೀಗಾದರೆ ಒಳಗೆ ಕೂತವನಿಗೆ?

300 ಕಿ.ಮೀ. ಎಂದರೆ ಸೆಕೆಂಡಿಗೆ 83 ಮೀಟರ್. ಐವತ್ತು ಮೀಟರ್ ಮಾತ್ರ ಕಂಡರೆ ಮುಂದೆ ನಿಂತ ಕಾರನ್ನು ನೋಡಿ ಬ್ರೇಕ್ ಮೇಲೆ ಕಾಲಿಡಲಿಕ್ಕೂ ಸಮಯ ಇಲ್ಲ. 2023ರ ಜುಲೈಯಲ್ಲಿ ಅದೇ ಸ್ಪಾದಲ್ಲಿ, ಜೂನಿಯರ್ ರೇಸ್ ಒಂದರಲ್ಲಿ, ಮಳೆಯಲ್ಲಿ ಡಿಲಾನೊ ವಾನ್ಟ್ ಹಾಫ್ ತೀರಿಕೊಂಡ. 18 ವರ್ಷದ ಹುಡುಗ. ಅದಾದ ಮೇಲೆ ಮಳೆಯಲ್ಲಿ ಓಡಿಸಲೇಬೇಕು ಎಂದು ಕೂಗುವ ಮನಸ್ಸು ನನಗೆ ಬಂದಿಲ್ಲ.

ಮಾಟುಂಗಾ_ಮಾಣಿ
ಇದು ನನಗೆ ಗೊತ್ತಿರಲಿಲ್ಲ. ಟಿವಿಯಲ್ಲಿ ಮೇಲಿನಿಂದ ತೋರಿಸುವಾಗ ಎಲ್ಲಾ ಸ್ಪಷ್ಟ ಕಾಣುತ್ತದೆ, ಅದಕ್ಕೇ ಹಾಗೆ ಹೇಳಿದೆ.

ಧಾರವಾಡ_ಪೇಢಾ
2014ರ ಜಪಾನಿನ ಸುಜುಕಾ ರೇಸನ್ನೂ ಮರೆಯಬಾರದು. ಒಂದು ಕಾರು ಜಾರಿ ಹೊರಗೆ ಹೋಗಿತ್ತು, ಅದನ್ನು ಎತ್ತಲು ಟ್ರ್ಯಾಕ್ಟರ್ ಬಂದಿತ್ತು. ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ಜೂಲ್ಸ್ ಬಿಯಾಂಕಿ ಜಾರಿ ಆ ಟ್ರ್ಯಾಕ್ಟರಿಗೇ ಹೊಡೆದ. ಒಂಬತ್ತು ತಿಂಗಳು ಪ್ರಜ್ಞೆ ಬರಲೇ ಇಲ್ಲ, 2015ರ ಜುಲೈಯಲ್ಲಿ ಹೋದ. ಆಮೇಲೆಯೇ ವರ್ಚುವಲ್ ಸೇಫ್ಟಿ ಕಾರ್ ಎಂಬ ನಿಯಮ ಬಂದಿದ್ದು. ಈಗ ಎಲ್ಲರೂ ಒಟ್ಟಿಗೆ ವೇಗ ಇಳಿಸಲೇಬೇಕು.

ಕೊಥ್ರೂಡ್_ಕನ್ನಡತಿ
ಚಕ್ರದ ಮೇಲೆ ಮಡ್‌ಗಾರ್ಡ್ ಹಾಕಿದರೆ ಆಗುವುದಿಲ್ಲವೇ? ಸ್ಕೂಟರಿಗೆ ಇರುವ ಹಾಗೆ?

ಥಾಣೆ_ಗೌಡ
ಒಳ್ಳೆಯ ಪ್ರಶ್ನೆ. ಅದನ್ನೇ 2023ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಮಾಡಿ ನೋಡಿದರು. ಹೆಚ್ಚು ಉಪಯೋಗ ಆಗಲಿಲ್ಲ. ನೀರು ಬರೀ ಚಕ್ರದಿಂದ ಏಳುವುದಲ್ಲ, ಕಾರಿನ ಹೊಟ್ಟೆ ಕೆಳಗಿನ ಗಾಳಿಯೂ ರಸ್ತೆಯ ನೀರನ್ನು ಹೀರಿ ಹಿಂದಕ್ಕೆ ಎಸೆಯುತ್ತದೆ.

ಧಾರವಾಡ_ಪೇಢಾ
ನಮ್ಮ ಮಲ್ಯರ ಫೋರ್ಸ್ ಇಂಡಿಯಾ ಮಳೆಯಲ್ಲಿ ಒಂದು ಸಲ ಗೆದ್ದಿತ್ತು ಅಲ್ವಾ? ಬ್ರೆಜಿಲ್‌ನಲ್ಲಿ ಹಲ್ಕೆನ್‌ಬರ್ಗ್?

ಥಾಣೆ_ಗೌಡ
ಗೆಲ್ಲಲಿಲ್ಲ ಗುರು. 2012ರ ಬ್ರೆಜಿಲ್ ರೇಸ್ ಅದು. ಮಳೆ ಬಂದು ಹೋಗಿ ಮಾಡುತ್ತಿತ್ತು. ಹಲ್ಕೆನ್‌ಬರ್ಗ್ ತುಂಬಾ ಹೊತ್ತು ಮುಂದಿದ್ದ. ಆಮೇಲೆ ಹ್ಯಾಮಿಲ್ಟನ್‌ನನ್ನು ದಾಟಲು ಹೋಗಿ ಹಿಂಬದಿ ಜಾರಿ ತಾಗಿತು, ಪೆನಾಲ್ಟಿ ಬಿತ್ತು, ಐದನೇ ಸ್ಥಾನ. ಆ ದಿನ ನಾನು ಟಿವಿ ಮುಂದೆ ಊಟ ಬಿಟ್ಟು ಕೂತಿದ್ದೆ. ಅವನಿಗೆ ಮೊದಲ ಪೋಡಿಯಂ, ಅಂದರೆ ಮೊದಲ ಮೂರರಲ್ಲಿ ಒಂದು ಸ್ಥಾನ, ಸಿಕ್ಕಿದ್ದು 2025ರಲ್ಲಿ, ಸಿಲ್ವರ್‌ಸ್ಟೋನ್‌ನಲ್ಲಿ, 239ನೇ ರೇಸಿನಲ್ಲಿ. ಅದೂ ಮಳೆಯಲ್ಲೇ.

ಮಾಟುಂಗಾ_ಮಾಣಿ
239! ನಿಜಕ್ಕೂ ಖುಷಿಯಾಯಿತು ಅವನಿಗೆ ಸಿಕ್ಕಿದ್ದು.

ಘಾಟಿ_ಡ್ರೈವರ್
ನಮ್ಮ ದೇಶದಲ್ಲಿ ಮಳೆಗೆ ರೇಸ್ ನಿಂತದ್ದು ಇದೆಯಾ?

ಕೆಂಪು_ಬಾವುಟ
ಚೆನ್ನೈ ಊರಿನ ರಸ್ತೆಯ ಮೇಲೆ ರಾತ್ರಿ ರೇಸ್ ಇಟ್ಟಿದ್ದರು, 2023ರ ಡಿಸೆಂಬರಿನಲ್ಲಿ. ಮಿಚಾಂಗ್ ಚಂಡಮಾರುತ ಬಂದು ಮುಂದೆ ಹಾಕಿದರು. 2024ರ ಆಗಸ್ಟ್ ಕೊನೆಗೆ ನಡೆಯಿತು.

ಪಿಟ್‌ಲೇನ್_ಅಕ್ಕ
ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ಜೋರು ಮಳೆಯ ಬಗ್ಗೆಯೇ ಹೇಳುತ್ತಿದ್ದೀರಿ. ನನ್ನ ಕಣ್ಣಿಗೆ ಕಷ್ಟದ್ದು ತುಂತುರು. ಜೋರು ಮಳೆಯಲ್ಲಿ ಎಲ್ಲ ಕಡೆ ಒದ್ದೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ. ತುಂತುರಿನಲ್ಲಿ ಒಂದು ತಿರುವು ಒಣ, ಮುಂದಿನದು ಒದ್ದೆ. ಟಯರ್ ಬದಲಿಸಬೇಕೋ ಬೇಡವೋ ಎಂಬುದೇ ದೊಡ್ಡ ಜೂಜು. 2018ರಲ್ಲಿ ಹಾಕೆನ್‌ಹೈಮ್‌ನಲ್ಲಿ ವೆಟಲ್ ತನ್ನ ಊರಿನ ರೇಸಿನಲ್ಲಿ ಮುಂದಿದ್ದ, ಸಣ್ಣ ಮಳೆ, ಜಾರಿ ಹೋಗಿ ತಡೆಗೋಡೆಗೆ ತಾಗಿದ. ನಾಲ್ಕು ಬಾರಿಯ ಚಾಂಪಿಯನ್! 2021ರಲ್ಲಿ ಸೋಚಿಯಲ್ಲಿ ನಾರಿಸ್ ಇನ್ನೇನು ಮೊದಲ ಗೆಲುವು ಎನ್ನುವಾಗ ಮಳೆ ಜಾಸ್ತಿ ಆಯಿತು, ಒಣ ಟಯರಿನಲ್ಲೇ ಉಳಿದ, ಎಲ್ಲಾ ಕಳೆದುಕೊಂಡ. ಹ್ಯಾಮಿಲ್ಟನ್ ಮೊದಲೇ ಟಯರ್ ಬದಲಿಸಿ ತನ್ನ 100ನೇ ಗೆಲುವು ಪಡೆದ.

ಮಗಳಿಗೆ ನಾನು ಹೇಳುವುದು ಇಷ್ಟೇ. ಹೆಲ್ಮೆಟ್ ಗಾಜಿನ ಮೇಲೆ ಹನಿ ಎಷ್ಟು ಬೇಗ ಬೀಳುತ್ತಿದೆ ನೋಡು, ಗಾಜನ್ನು ಒಂದು ಎಳೆಯಷ್ಟು ತೆರೆದಿಡು. ಇಲ್ಲದಿದ್ದರೆ ನಿನ್ನ ಉಸಿರೇ ಒಳಗೆ ಮಂಜು ಕಟ್ಟುತ್ತದೆ.

ವಾಸ್ಕೊ_ಪೈಲಟ್
ಅಕ್ಕಾರು ಹೇಳಿದ್ದು ಖರೆ. ನಾವೂ ಹಂಗೇ ಮಾಡ್ತೀವಿ. ಒಳಗ ಒಂದ್ ಹನಿ ಶಾಂಪೂ ತಿಕ್ಕಿ ಒಣ ಬಟ್ಟೆಯಲ್ಲಿ ಒರೆಸಿದರೆ ಮಂಜು ಕಡಿಮೆ ಕಟ್ಟುತ್ತದ.

ಕೊಥ್ರೂಡ್_ಕನ್ನಡತಿ
ಈಗ ಹೇಳಿಬಿಡುತ್ತೇನೆ, ಹಿಂಜವಡಿಯವರು ಬರೆದ ಹೊಸ ಹುಡುಗಿ ನಾನೇ. ಸರ್ ಈ ಲಿಂಕ್ ಕಳಿಸಿದ್ದರು. ಮೂರು ದಿನದಿಂದ ಓದುತ್ತಿದ್ದೇನೆ.

ಹೊರಗಿನ ಗೆರೆ ಅಂತೆಲ್ಲ ನನಗೆ ಗೊತ್ತಿರಲಿಲ್ಲ. ನಮ್ಮದು ತೀರ್ಥಹಳ್ಳಿ ಕಡೆ. ಕಾಲೇಜಿಗೆ ಐದು ವರ್ಷ ಮಳೆಯಲ್ಲೇ ಸ್ಕೂಟಿ ಓಡಿಸಿದ್ದೇನೆ. ಅಪ್ಪ ಕಲಿಸಿದ್ದು ಒಂದೇ, ರಸ್ತೆ ಎಲ್ಲಿ ಹೊಳೆಯುತ್ತದೋ ಅಲ್ಲಿ ಚಕ್ರ ಇಡಬೇಡ, ಮಂಕಾಗಿ ಕಾಣುವ ಕಡೆ ಹೋಗು. ಆ ತಿರುವಿನಲ್ಲಿ ಒಳಗಡೆ ಕನ್ನಡಿ ಹಾಗೆ ಹೊಳೆಯುತ್ತಿತ್ತು, ಹೊರಗಡೆ ಬೂದಿ ಬಣ್ಣ ಇತ್ತು. ಅಲ್ಲಿ ಹೋದೆ.

ಕೆಂಪು_ಬಾವುಟ
ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ನಾನು ಇಷ್ಟುದ್ದ ಬರೆದಿದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದಾರೆ.

ಹಿಂಜವಡಿ_ಹೈದ
ನಿನ್ನೆ ಮತ್ತೆ ಹೋಗಿದ್ದೆ. ಮಳೆ ಹೋದ ವಾರಕ್ಕಿಂತ ಜೋರು. ಮೊದಲ ಎರಡು ಸುತ್ತು ಸುಮ್ನೆ ನೋಡುತ್ತಾ ಹೋದೆ. ಹೊಳೆಯುವ ಕಡೆ, ಮಂಕಾದ ಕಡೆ ನಿಜವಾಗಲೂ ಬೇರೆ ಬೇರೆ ಕಾಣುತ್ತದೆ. ಇಷ್ಟು ವರ್ಷ ನೋಡಿರಲೇ ಇಲ್ಲ. ಬಲ ತಿರುವಿನಲ್ಲಿ ಬ್ರೇಕ್ ನೇರಕ್ಕೆ ಮುಗಿಸಿ, ಹೊರ ಅಂಚಿನಲ್ಲೇ ಮುಂದೆ ಹೋಗಿ, ತಡವಾಗಿ ಒಂದೇ ಸಲ ತಿರುಗಿಸಿದೆ. ಹಿಂದೆ ಒಳ ಚಕ್ರ ಏಳುವುದು ಸೀಟಿನಲ್ಲಿ ಗೊತ್ತಾಯಿತು, ಒಂದು ಸಣ್ಣ ಕುಲುಕು. ಗಾಡಿ ತಿರುಗಿತು! ಹದಿನೈದು ನಿಮಿಷದಲ್ಲಿ ಒಂದೇ ಸಲ ಜಾರಿದೆ, ಅದೂ ಬೇರೆ ತಿರುವಿನಲ್ಲಿ, ಆಕ್ಸಿಲರೇಟರ್ ಬೇಗ ಒತ್ತಿದ್ದಕ್ಕೆ.

ಕೊನೆಗೆ ಮಳೆ ನಿಂತಿತು. ಎಲ್ಲರೂ ಓಡಿಸಿ ಓಡಿಸಿ ಒಳಗಿನ ಗೆರೆ ಒಣಗತೊಡಗಿತು. ಆಗ ನಾನು ಇನ್ನೂ ಹೊರಗೇ ಹೋಗುತ್ತಿದ್ದೆ, ಇಬ್ಬರು ನನ್ನನ್ನು ಒಳಗಿನಿಂದ ದಾಟಿದರು. ವಾಪಸ್ ಒಳಗೆ ಬರುವುದು ಯಾವಾಗ ಎಂದು ಹೇಗೆ ಗೊತ್ತಾಗುತ್ತದೆ ಅಕ್ಕ?

ಪಿಟ್‌ಲೇನ್_ಅಕ್ಕ
ಮುಂದಿನವರ ಚಕ್ರದ ಹಿಂದೆ ನೋಡಿ. ನೀರು ಏಳುವುದು ನಿಂತರೆ ಆ ಜಾಗ ಒಣಗುತ್ತಿದೆ. ಒಂದೇ ಸಲ ಎಲ್ಲಾ ತಿರುವಿನಲ್ಲಿ ಬದಲಿಸಬೇಡಿ. ನಿಧಾನದ ತಿರುವಿನಲ್ಲಿ ಮೊದಲು ಒಳಗೆ ಹೋಗಿ ನೋಡಿ, ಹಿಡಿತ ಸಿಕ್ಕರೆ ಮುಂದಿನ ಸುತ್ತಿನಲ್ಲಿ ಇನ್ನೊಂದರಲ್ಲಿ. ಮುಂದಿನ ಭಾನುವಾರ ನಾವೂ ಪುಣೆಯಲ್ಲಿ ಇರುತ್ತೇವೆ, ಮಗಳಿಗೆ ಅಭ್ಯಾಸ ಇದೆ. ಬೆಳಿಗ್ಗೆ 8ಕ್ಕೆ ಬನ್ನಿ, ಟ್ರ್ಯಾಕ್ ಪಕ್ಕ ನಿಂತು ತೋರಿಸುತ್ತೇನೆ. ಕೊಥ್ರೂಡಿನವರೂ ಬರಲಿ.

ಕೊಥ್ರೂಡ್_ಕನ್ನಡತಿ
ಬರುತ್ತೇನೆ ಅಕ್ಕ. ಒಣ ಸಾಕ್ಸ್ ಎರಡು ಜೊತೆ ತರುತ್ತೇನೆ.